ಚಟ್ನಿ, ಪು. ೧೨

ಕಬ್ಬು ತುಂಬಿದ ಟ್ರಕ್ಕನ್ನು ಹತ್ತು ಕಿಲೋ ಆಚೀಚೆಯಾಗದಂತೆ ತೂಗುವುದು ನನ್ನ ಕಸುಬು. ಕೊಲ್ಹಾಪುರದ ಹೊರಗಿನ ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಹತ್ತೊಂಬತ್ತು ಹಂಗಾಮು ಕೂತೆದ್ದವನು ನಾನು. ಓಣಿಯಲ್ಲಿ ವಿಲಾಸ ಚೌಗುಲೆಯ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕಾಟಾ ಸಾಹೇಬರ ಮನೆ ಎಂದರೆ ಕೂಸು ಕೂಡ ಬೆರಳು ತೋರಿಸುತ್ತದೆ. ಇಂಥ ತೂಕದ ಮನುಷ್ಯ ಹನ್ನೆರಡು ಚಮಚ ಚಟ್ನಿಯಿಂದ ಒಂದು ಶಾಲೆಯ ಗ್ರಂಥಾಲಯಕ್ಕೆ ಬೀಗ ಹಾಕಿಸಿದ. ಚಮಚದ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಒಂದೊಂದನ್ನೂ ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ ಹಾಕಿದ್ದೆ. ಹನ್ನೆರಡೆಂದರೆ ಹನ್ನೆರಡೇ.

ಈ ಚಟ್ನಿ ಇಡ್ಲಿಯ ಮಗ್ಗುಲಲ್ಲಿ ಮೆತ್ತಗೆ ಕೂರುವ ಚಟ್ನಿಯಲ್ಲ. ನಮ್ಮಲ್ಲಿ ಚಟ್ನಿ ಎಂದರೆ ಏಪ್ರಿಲ್ ಬಿಸಿಲಿನಲ್ಲಿ ಬ್ಯಾಡಗಿ, ಸಂಕೇಶ್ವರಿ, ಲವಂಗಿ ಮೂರೂ ಮೆಣಸಿನಕಾಯಿ ಒಣಗಿಸಿ, ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ ಹುರಿದು, ಎಲ್ಲವನ್ನೂ ಕುಟ್ಟಿಸಿ, ವರ್ಷಕ್ಕಾಗುವಷ್ಟು ಡಬ್ಬಕ್ಕೆ ತುಂಬುವ ಕೆಂಪು ಪುಡಿ. ಸಾರಿಗೂ ಅದೇ, ಪಲ್ಯಕ್ಕೂ ಅದೇ, ಮಟನ್ನಿಗೂ ಅದೇ. ಮನೆಯ ಮರ್ಯಾದೆ ಆ ಡಬ್ಬದಲ್ಲಿರುತ್ತದೆ.

ನಮ್ಮ ಮನೆಯ ಮರ್ಯಾದೆಯನ್ನು ಹುರಿಯುವವನು ನಾನು. ಹೆಂಡತಿ ಉಜ್ವಲಾ ಹಾಲಿನ ಡೈರಿಯ ಪ್ರಯೋಗಶಾಲೆಯಲ್ಲಿ ಮೊದಲ ಪಾಳಿಯವಳು. ಬೆಳಿಗ್ಗೆ ಐದೂವರೆಗೆ ಹೊರಟರೆ ಬರುವುದು ಮಧ್ಯಾಹ್ನ ಮೂರಕ್ಕೆ. ನನ್ನ ಪಾಳಿ ಎರಡಕ್ಕೆ ಶುರು. ಹೀಗಾಗಿ ಹನ್ನೊಂದು ವರ್ಷದಿಂದ ಒಲೆ ನನ್ನ ಸುಪರ್ದಿಯಲ್ಲಿದೆ. ಇದು ನನಗೆ, ಅವಳಿಗೆ, ಮಗಳು ಶರ್ವರಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಿಲ್ಲ. ಗೊತ್ತಾಗದಿರಲಿ ಎಂದು ನಾನು ಪಟ್ಟ ಪಾಡು ಒಂದೆರಡಲ್ಲ. ರಜೆಯ ದಿನ ಸಂಜೆ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, "ಉಜ್ವಲಾ, ಉಪ್ಪಿನ ಡಬ್ಬಿ ಎಲ್ಲೈತೇ?" ಎಂದು ಕೂಗುತ್ತೇನೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಆ ಮನೆಯಲ್ಲಿ ಗೊತ್ತಿರುವುದು ನನಗೊಬ್ಬನಿಗೇ. ಏಪ್ರಿಲಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಮೆಣಸಿನಕಾಯಿ ಹುರಿದು ವಾರಗಟ್ಟಲೆ ಕೆಮ್ಮುತ್ತೇನೆ. ಓಣಿಯವರು ನನಗೆ ಉಬ್ಬಸ ಎಂದುಕೊಂಡಿದ್ದಾರೆ. ಎದುರುಮನೆಯ ಹಿಂದೂರಾವ್ ಪೈಲವಾನರು, ಒಂದು ಕಾಲಕ್ಕೆ ಜಿಲ್ಲೆಯ ಕುಸ್ತಿಪಟು, ಪ್ರತಿವರ್ಷ ತಪ್ಪದೆ ಅಡುಸೋಗೆ ಕಷಾಯ ತಂದು ಕುಡಿಸುತ್ತಾರೆ. ಕುಡಿಯುತ್ತೇನೆ. ಆ ತೋಳುಗಳ ಎದುರಿಗೆ, ಅಣ್ಣಾ, ನಾನು ಒಗ್ಗರಣೆ ಹಾಕ್ತೀನಿ ಎಂದು ಹೇಳುವ ಎದೆಗಾರಿಕೆ ನನ್ನಲ್ಲಿಲ್ಲ.

ಕಳೆದ ಜೂನಿನಲ್ಲಿ ಶರ್ವರಿಯ ಶಾಲೆಗೆ ಪುಣೆಯಿಂದ ಹೊಸ ಗ್ರಂಥಪಾಲಕಿ ಬಂದರು. ಮೃಣಾಲ್ ಸಹಸ್ರಬುದ್ಧೆ. ಹನ್ನೊಂದು ತಿಂಗಳ ಗುತ್ತಿಗೆ. ಗ್ರಂಥಾಲಯದ ಮೂಲೆಯಲ್ಲಿ ಒಂದು ಬೀಗ ಹಾಕಿದ ಕಪಾಟು ಕಂಡು ಅದರೊಳಗೇನಿದೆ ಎಂದು ಕೇಳಿದರಂತೆ. ಸಂಸ್ಥೆಯ ಅಧ್ಯಕ್ಷರಾದ ಆಬಾಸಾಹೇಬ ಮಗದೂಮರ ಸ್ವರ್ಗಸ್ಥ ತಾಯಿ ದಾನ ಕೊಟ್ಟ ನಲವತ್ತಮೂರು ಅಡುಗೆ ಪುಸ್ತಕ ಅದರಲ್ಲಿದ್ದವು. ಕೊಟ್ಟ ದಿನ ಹಾರ ಹಾಕಿ ಬೀಗ ಹಾಕಿದ್ದರು. ಅದನ್ನು ತೆಗೆಸಿದ ಮೇಡಂ, ಆರನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ತಾಸು ಅಡುಗೆ ಪುಸ್ತಕ ಓದುವುದನ್ನು ಕಲಿಸತೊಡಗಿದರು. ಆಬಾಸಾಹೇಬರದು ಒಂದೇ ಶರತ್ತು: ತಾಯಿಯ ಪುಸ್ತಕಕ್ಕೆ ಎಣ್ಣೆ ಕೈ ತಾಗಕೂಡದು, ಒಂದೂ ಕೋಣೆಯಿಂದಾಚೆ ಹೋಗಕೂಡದು.

ಅಲ್ಲಿಂದ ನನ್ನ ಮನೆಯಲ್ಲಿ ನನಗೆ ಮೇಲ್ವಿಚಾರಣೆ ಶುರುವಾಯಿತು.

"ಪಪ್ಪಾ, ಅರ್ಧಾ ಉಳ್ಳಾಗಡ್ಡಿ ಹೆಚ್ಚಿದ ಮ್ಯಾಲ ಟೊಮೆಟೊ ಇಲ್ಲಂತ ನೋಡ್ತೀರಲ್ಲ. ಮೊದಲ ಪೂರ್ತಿ ಓದಬೇಕು. ಆಮ್ಯಾಲ ಸಾಮಾನು ಮುಂದ ಇಟ್ಕೋಬೇಕು. ಆಮ್ಯಾಲ ಕೈ ಹಚ್ಚಬೇಕು."

"ನಾ ಏನ್ ಓದಿ ಮಾಡ್ತೀನೇನ? ಎಲ್ಲಾ ತಲ್ಯಾಗೈತಿ."

"ತಲಿಗೆ ಸೂಚಿ ಇರೂದಿಲ್ಲ. ಪುಸ್ತಕಕ್ಕ ಇರ್ತೈತಿ. ಬಟಾಟಿ ಬೇಕಂದ್ರ ಕೊನೀಗೆ 'ಬ' ನೋಡಬೇಕು. ಒಂದ ಅಡಿಗಿ ಒಳಗ ಇನ್ನೊಂದ ಅಡಿಗಿ ಬಂತಂದ್ರ ಅದರ ಪುಟ ಬರ್ಕೋಬೇಕು."

ಮೂರು ಸಾಲು ಕೂಡಿಸಿ ಓದಲಾರದ ಹುಡುಗರು ಲಿಂಬೆ ಶರಬತ್ತಿನ ಪುಟ ತಡವರಿಸದೆ ಓದತೊಡಗಿದರು, ಓದು ಮುಗಿದರೆ ಕುಡಿಯಲು ಸಿಗುತ್ತದೆಂದು. ಶರ್ವರಿ ಕೂಡ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಈಗ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನೂ ಗಟ್ಟಿಯಾಗಿ ಓದಿ ಹೇಳುವವಳಾದಳು.

ಫೆಬ್ರುವರಿಯಲ್ಲಿ 'ಒಲೆ ಹಚ್ಚದ ಅಡುಗೆ' ಎಂಬ ಪ್ರದರ್ಶನ ಇಟ್ಟರು. ಶಿಕ್ಷಣ ಖಾತೆಯ ಮಯೇಕರ ಸಾಹೇಬರು ಬಂದು ನೋಡಿ ನಾಲ್ಕು ಒಳ್ಳೆ ಮಾತು ಬರೆದರೆ ಮೇಡಂ ಅವರ ಗುತ್ತಿಗೆ ಮುಂದಿನ ವರ್ಷಕ್ಕೂ ನಡೆಯುತ್ತದೆ; ಇಲ್ಲದಿದ್ದರೆ ಆ ಕೋಣೆ ಆಬಾಸಾಹೇಬರಿಗೆ ಬೇರೆ ಕೆಲಸಕ್ಕೆ ಬೇಕಾಗಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಮಕ್ಕಳಿಗೂ.

ಆ ದಿನ ಬೆಳಿಗ್ಗೆ ಶರ್ವರಿ ಬಚ್ಚಲಿನಿಂದಲೇ ಕೂಗಿದಳು. "ಪಪ್ಪಾ, ಫ್ರಿಜ್ ಮ್ಯಾಲಿನ ಚೀಟಿ ನೋಡ್ರಿ. ಚಟ್ನಿ ಮಾಡ್ಬೇಕು!"

"ಮಾಡೂದೇನೈತಿ? ಡಬ್ಬಿ ತುಂಬ ಐತಿ!"

ನೀರಿನ ಸದ್ದಿನಲ್ಲಿ ನನ್ನ ಉತ್ತರ ಅವಳಿಗೆ ಕೇಳಲಿಲ್ಲ. ಚೀಟಿಯಲ್ಲಿ ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: ಸ್ಯಾಂಡ್‌ವಿಚ್. ನನ್ನ ಪಾಲು: ಚಟ್ನಿ, ಪು. ೧೨.

ನಾನು ವಿಚಾರ ಮಾಡಿದೆ. ವಿಚಾರ ಮಾಡದೆ ನಾನು ಯಾವ ತಪ್ಪನ್ನೂ ಮಾಡುವವನಲ್ಲ. 'ಪು.' ಎಂದರೆ ಪುಡಿ. ಚಟ್ನಿ ಪುಡಿ, ಹನ್ನೆರಡು. ಹನ್ನೆರಡು ಏನು? ಕಿಲೋ ಇರಲಾರದು. ಚಿಟಿಕೆಯಾದರೆ ಶಾಲೆಗೆಲ್ಲ ಸಾಲದು. ಚಮಚವೇ ಇರಬೇಕು. ಅದಕ್ಕೂ ಅಂದಾಜಿನ ಕೈ ಬೇಡ ಎಂದು ಅಳೆದು ತುಂಬಿ, ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳ ಹಾಕಿ, ಬಟ್ಟೆಯಲ್ಲಿ ಕಟ್ಟಿ, ಅವಳ ಚೀಲಕ್ಕಿಟ್ಟೆ. ಚೀಟಿಯನ್ನು ಅಂಗಿಯ ಕಿಸೆಗೆ ಸೇರಿಸಿದೆ.

ಪಾಲಕರ ಸಂಘದ ಅಧ್ಯಕ್ಷರು ಹಿಂದೂರಾವ್ ಪೈಲವಾನರು. ಕಾರ್ಯದರ್ಶಿ ನಾನು. ಅವರನ್ನು ಆರಿಸಿದ್ದು ತೋಳು ನೋಡಿ, ನನ್ನನ್ನು ಅಕ್ಷರ ನೋಡಿ. ಹೀಗಾಗಿ ಪ್ರದರ್ಶನದಲ್ಲಿ ನಮಗಿಬ್ಬರಿಗೂ ಮುಂದಿನ ಸಾಲಿನ ಕುರ್ಚಿ ಸಿಕ್ಕಿತ್ತು.

ಸಾಹೇಬರು ಅರ್ಧ ತಾಸು ಮುಂಚೆಯೇ ಬಂದುಬಿಟ್ಟರು. ಮೇಡಂ ಅವರನ್ನು ಎದುರುಗೊಳ್ಳಲು ಓಡಿದರು. ಶರ್ವರಿ ಮೇಜಿನ ಮೇಲೆ ಡಬ್ಬಿ ಬಿಚ್ಚಿದವಳು, "ಇದು ಹನ್ನೆರಡನೇ ಪುಟದ್ದಲ್ಲ," ಎಂದಳು. ಅವಳ ಗುಂಪಿನ ಇನ್ನೊಬ್ಬ ಹುಡುಗಿ, "ಏ, ಚಟ್ನಿ ಅಂದ್ರ ಚಟ್ನಿ. ತಾ ಇಲ್ಲೆ," ಎಂದು ಕಸಿದುಕೊಂಡು, ಅಷ್ಟನ್ನೂ ಬೆಣ್ಣೆಯಲ್ಲಿ ಕಲಸಿ, ಎಂಟು ತುಂಡು ಬ್ರೆಡ್ಡಿಗೆ ಬಳಿದಳು.

ಮಯೇಕರ ಸಾಹೇಬರು ಕೊಂಕಣದವರು, ತೆಂಗಿನ ಹಾಲಿನಲ್ಲಿ ಬೆಳೆದವರು. ಶರಬತ್ತು ಕುಡಿದು, ಭೇಲ್‌ಪುರಿ ತಿಂದು, ಪ್ರಸನ್ನರಾಗಿ ಈ ಮೇಜಿಗೆ ಬಂದರು.

"ಏನಮ್ಮಾ ಇದು, ಟೊಮೆಟೊ ಸಾಸಾ?"

"ಚಟ್ನಿ ರೀ ಸಾಹೇಬ್ರ."

"ಓಹೋ, ಚಟ್ನಿ!" ಎಂದರು. ಪತ್ರಿಕೆಯ ಫೋಟೋದವನು, "ಸಾಹೇಬ್ರ, ತುತ್ತು ಸ್ವಲ್ಪ ದೊಡ್ಡದಿರ್ಲಿ," ಎಂದ. ಸಾಹೇಬರು ಅರ್ಧ ಸ್ಯಾಂಡ್‌ವಿಚ್ಚನ್ನು ಒಂದೇ ತುತ್ತು ಮಾಡಿದರು.

ಮೊದಲು ಏನೂ ಆಗಲಿಲ್ಲ. ಲವಂಗಿ ಮೆಣಸಿನಕಾಯಿಯ ಸ್ವಭಾವವೇ ಹಾಗೆ. ಒಳಗೆ ಹೋಗಿ, ಜಾಗ ನೋಡಿ, ಆಮೇಲೆ ಕೆಲಸ ಶುರುಮಾಡುತ್ತದೆ. ಸಾಹೇಬರ ಕಿವಿ ಕೆಂಪಾಯಿತು. ಮೂಗು ಕೆಂಪಾಯಿತು. ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಏನೋ ಹೇಳಲು ಬಾಯಿ ತೆರೆದರು, ಗಾಳಿ ಮಾತ್ರ ಬಂತು.

"ನೋಡ್ರಿ, ನೋಡ್ರಿ!" ಎಂದು ಆಬಾಸಾಹೇಬರು ಎದ್ದು ನಿಂತರು. "ಮಕ್ಕಳ ಓದು ನೋಡಿ ಸಾಹೇಬ್ರ ಎದಿ ತುಂಬಿ ಬಂದೈತಿ! ಮಾತs ಬರವಲ್ದು!"

ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಎರಡೂ ಕೈಯಿಂದ ಗಂಟಲು ತೋರಿಸಿದರು. ಹೆಡ್‌ಮಾಸ್ಟರ್ ಸುತಾರ ಸರ್ ಅದನ್ನು ನೋಡಿ, ಶಾಲು ಹೊದಿಸುವ ಹೊತ್ತಾಯಿತು ಎಂದುಕೊಂಡು ಉಣ್ಣೆಯ ಶಾಲು ತಂದು ಕುತ್ತಿಗೆಗೆ ಸುತ್ತಿದರು. ಫೋಟೋದವನು ಹೊಡೆದೇ ಹೊಡೆದ. ಕೊನೆಗೆ ಮೇಡಂ ಒಬ್ಬರೇ ಓಡಿಬಂದು ಶರಬತ್ತಿನ ಮೇಜಿನ ಸಕ್ಕರೆಯನ್ನು ಹಿಡಿಯಷ್ಟು ಅವರ ಬಾಯಿಗೆ ಹಾಕಿ, ಹೆಗಲು ಹಿಡಿದು ಹೊರಗೆ ಕರೆದೊಯ್ದರು. ಇತ್ತ ಮಕ್ಕಳು ಉಳಿದದ್ದನ್ನೆಲ್ಲ ತಿಂದು ಮುಗಿಸಿ, ಉಪ್ಪು ಸ್ವಲ್ಪ ಕಡಿಮೆ ಎಂದರು.

ಮರುದಿನದ ಪತ್ರಿಕೆಯಲ್ಲಿ ಮೂರು ಕಾಲಂ ಫೋಟೋ: 'ಮಕ್ಕಳ ವಾಚನಪ್ರೇಮ ಕಂಡು ಕಣ್ಣೀರಾದ ಅಧಿಕಾರಿ'. ನಾಲ್ಕನೆಯ ದಿನ, ಬಾಯಿ ತೆರೆಯಲು ಬಂದ ಮೇಲೆ, ಕಣ್ಣೀರಾದ ಅಧಿಕಾರಿಯ ಪತ್ರ ಬಂತು. ಈ ನಿಷ್ಕಾಳಜಿಗೆ ಹೊಣೆ ಯಾರು, ವಿಚಾರಣೆ ಮಾಡಿ ತಿಳಿಸಿ.

ಮೇಡಂ ಹೇಳಿದ್ದು ಒಂದೇ ಮಾತು. "ಪುಸ್ತಕದಲ್ಲಿರುವುದು ಕೊತ್ತಂಬರಿಯ ಹಸಿರು ಚಟ್ನಿ. ಇದು ಆ ಚಟ್ನಿಯಲ್ಲ." ಈ ಮಾತು ಶಾಲೆಯ ಗೇಟು ದಾಟುವಾಗ 'ಇದು ಚಟ್ನೀನ ಅಲ್ಲಂತ' ಎಂದಾಗಿತ್ತು. ಕಾಯಿಪಲ್ಯೆಯ ಸಂತೆ ತಲುಪುವಾಗ 'ಕೊಲ್ಹಾಪುರದಾವ್ರಿಗೆ ಚಟ್ನಿ ಮಾಡಾಕ ಬರಂಗಿಲ್ಲಂತ' ಎಂದಾಯಿತು. ನಮ್ಮ ಓಣಿಗೆ ಬಂದಾಗ ಪೈಲವಾನರ ಹೆಂಡತಿ ಅಕ್ಕಾತಾಯಿ ಸೆರಗು ಸಿಕ್ಕಿಸಿ ನಿಂತಿದ್ದರು.

"ನಮ್ಮ ಚಟ್ನಿಗೆ ವಿಷಾ ಅಂದ್ಲಂತ ಆ ಪುಣೆದಾಕಿ! ಹೆಸರು ನೋಡಿದ್ರ ಸಾವಿರ ಬುದ್ಧಿ. ಒಂದs ಒಂದು ಇದ್ದಿದ್ರ ಸಾಕಾಗಿತ್ತು!" ಅಷ್ಟಕ್ಕೇ ನಿಲ್ಲಲಿಲ್ಲ. ಪಾಳಿ ಮುಗಿಸಿ ಬರುತ್ತಿದ್ದ ಉಜ್ವಲಾಳನ್ನು ಹಿಡಿದು ನಿಲ್ಲಿಸಿದರು. "ಆದ್ರೂ ವಹಿನಿ, ಡಬ್ಬಿ ತುಂಬ ಚಟ್ನೀನ? ನಿಮ್ಮ ಕೈಗೆ ಒಂದೀಟರ ಅಂದಾಜ ಬ್ಯಾಡೇನ? ಡೈರ್‍ಯಾಗ ಹಾಲಿಗೂ ಹಿಂಗs ಅಳೀತೀರೇನ?"

ಹೆಂಗಸರು ನಕ್ಕರು. ಉಜ್ವಲಾ ಒಳಗೆ ಬಂದು ಬಾಗಿಲು ಹಾಕಿದಳು. ಅಂದು ನನಗೆ ರಜೆ, ಮನೆಯಲ್ಲೇ ಇದ್ದೆ.

"ಹಾಕಿದಾವ್ರು ನೀವು. ನಗಿಸಿಕೊಳ್ಳಾಕಿ ನಾ. ಹೋಗಿ ಒಂದ ಮಾತು ಹೇಳ್ರಿ ಅವರಿಗೆ."

"ಹೇಳ್ತೀನಿ. ಯಾಳ್ಯಾ ಬರ್ಲಿ."

"ಹನ್ನೊಂದ ವರ್ಷ ಆತು, ಯಾಳ್ಯಾ ಬಂದಿಲ್ಲ."

ಶರ್ವರಿ ಹತ್ತಿರ ಬಂದಳು. "ಪಪ್ಪಾ, ಚೀಟಿ ನಿಮ್ಮ ಹತ್ರ ಐತಲ್ಲ?"

"ಐತಿ."

"ಹಿಂದ ನೋಡಿದ್ರೇನ?"

ಆಗ ನೋಡಿದೆ. ಚೀಟಿಯ ಹಿಂಬದಿಯಲ್ಲಿ 'ಪುಟ ೧೨, ಹಸಿರು ಚಟ್ನಿ' ಎಂಬ ತಲೆಬರಹ. ಅದರ ಕೆಳಗೆ ಕೊತ್ತಂಬರಿ ಒಂದು ಸೂಡು, ಪುದೀನ ಅರ್ಧ ಸೂಡು, ಹಸಿಮೆಣಸಿನಕಾಯಿ ಎರಡು, ಲಿಂಬೆಹಣ್ಣು ಅರ್ಧ, ಉಪ್ಪು, ಸಕ್ಕರೆ ಚಿಟಿಕೆ. ಪುಸ್ತಕ ಮನೆಗೆ ತರುವಂತಿರಲಿಲ್ಲವಲ್ಲ. ಹುಡುಗಿ ಇಡೀ ಪುಟವನ್ನೇ ಬರೆದುಕೊಂಡು ಬಂದಿದ್ದಳು. ಕೊನೆಯ ಸಾಲು: ಪೂರ್ತಿ ಓದಿದ ಮೇಲೆ ಶುರು ಮಾಡಿ.

"ಇದನ್ನ ತೋರಿಸಿದ್ರ ಸಾಕು," ಎಂದಳು ಶರ್ವರಿ. "ಮ್ಯಾಡಂದು ತಪ್ಪಿಲ್ಲಂತ ಗೊತ್ತಾಗ್ತೈತಿ."

"ತೋರಸ್ತೀನಿ."

"ಆಣಿ?"

"ಆಣಿ."

ಇನ್ನು ವಿಚಾರಣೆ. ಸಮಿತಿಯಲ್ಲಿ ಆಬಾಸಾಹೇಬರು, ಸುತಾರ ಸರ್, ಹಿಂದೂರಾವ್ ಪೈಲವಾನರು. ವರದಿ ಬರೆಯಲು, ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ, ನಾನು. ಹನ್ನೆರಡು ಚಮಚ ಹಾಕಿದ ಕೈಗೇ ಪೆನ್ನು ಕೊಟ್ಟರು. ಮೇಡಂ ಎದುರಿಗೆ ಒಂದು ಸ್ಟೂಲಿನ ಮೇಲೆ ಕೂತಿದ್ದರು.

"ಪುಸ್ತಕ ತರ್ರಿ," ಎಂದರು ಆಬಾಸಾಹೇಬರು.

ಸುತಾರ ಸರ್ ಬಿಳಿ ಬಟ್ಟೆಯಲ್ಲಿ ಹೊಲಿದು ನಾಲ್ಕು ಕಡೆ ಅರಗು ಹಾಕಿದ ಗಂಟೊಂದನ್ನು ಮೇಜಿನ ಮೇಲಿಟ್ಟರು. "ಪುರಾವೆ ಐತ್ರಿ. ಸೀಲ ಒಡಿಯಾಕ ಬರೂದಿಲ್ಲ."

"ಒಳಗೇನ ಬರದೈತಿ?"

"ಚಟ್ನಿ ಅಂತ ಬರದೈತ್ರಿ."

"ಯಾವ ಚಟ್ನಿ?"

"ಅದು ಒಳಗೈತ್ರಿ."

ಮೇಡಂ ಹೇಳಿದರು: "ತೆರೆದು ಹನ್ನೆರಡನೆಯ ಪುಟ ನೋಡಿದರೆ ಎರಡು ನಿಮಿಷದ ಕೆಲಸ. ನಾನು ಮಕ್ಕಳಿಗೆ ಕಲಿಸಿದ್ದೂ ಅದನ್ನೇ."

"ಮ್ಯಾಡಂ, ನೀವು ಪುರಾವೆ ಮುಟ್ಟಬ್ಯಾಡ್ರಿ," ಎಂದರು ಸುತಾರ ಸರ್, ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡು.

ಪೈಲವಾನರು ಗಂಟಲು ಸರಿಮಾಡಿಕೊಂಡರು. "ನಾ ಒಂದs ಪ್ರಶ್ನೆ ಕೇಳ್ತೀನ್ರಿ. ಪುಣೆದಾಗ ಚಟ್ನಿಗೆ ಸಕ್ಕರಿ ಹಾಕ್ತಾರೋ ಇಲ್ಲೋ?"

"ಹಾಕುತ್ತಾರೆ. ಆದರೆ ಪ್ರಶ್ನೆ ಅದಲ್ಲ."

"ಒಪ್ಕೊಂಡ್ರು!" ಎಂದು ಪೈಲವಾನರು ತೊಡೆ ತಟ್ಟಿದರು. ಅದು ಅಖಾಡದ ಅಭ್ಯಾಸ, ಕೋಣೆಯೇ ನಡುಗಿತು. "ಬರ್ಕೋರಿ ಕಾಟಾ ಸಾಹೇಬ್ರ. ಒಪ್ಪಿದ್ದಾರ."

ಬರೆದುಕೊಂಡೆ.

"ಶರ್ವರಿ ಮನೆಗೆ ಒಂದು ಚೀಟಿ ಒಯ್ದಿದ್ದಳು," ಎಂದರು ಮೇಡಂ, ನನ್ನ ಕಡೆ ನೋಡಿ. "ಅವಳು ಬರೆದಾಗ ನಾನೇ ನೋಡಿದ್ದೇನೆ. ಎರಡೂ ಬದಿ. ಅದೊಂದು ಸಿಕ್ಕರೆ ಎಲ್ಲ ಸ್ಪಷ್ಟವಾಗುತ್ತದೆ."

ಎಲ್ಲರೂ ನನ್ನತ್ತ ತಿರುಗಿದರು. ಚೀಟಿ ನನ್ನ ಎಡಗಡೆಯ ಕಿಸೆಯಲ್ಲಿತ್ತು. ಅದರ ಮೂಲೆ ಎದೆಗೆ ಚುಚ್ಚುತ್ತಿತ್ತು.

"ಏನ್ ಚೌಗುಲೆ, ಚೀಟಿ ಐತೇನ?" ಎಂದರು ಆಬಾಸಾಹೇಬರು.

ನಾನು ಬಾಯಿ ತೆರೆಯುವ ಮೊದಲೇ ಪೈಲವಾನರು ನಕ್ಕುಬಿಟ್ಟರು. "ಅವ್ರಿಗೇನ ಗೊತ್ತಿರ್ತೈತ್ರಿ? ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಓಣಿ ತುಂಬ ಒದರೂ ಮನಿಶ್ಯಾ! ಅಡಿಗಿ ಮನಿ ಯಾವ ದಿಕ್ಕಿಗೈತಿ ಕೇಳ್ರಿ ಮೊದಲ."

ಸಮಿತಿ ನಕ್ಕಿತು. ನಾನೂ ನಕ್ಕೆ. ನಕ್ಕದ್ದೇ ತಪ್ಪಾಯಿತು. ಅಷ್ಟು ಚೆನ್ನಾಗಿ ನಕ್ಕ ಮೇಲೆ ಕಿಸೆಗೆ ಕೈ ಹಾಕುವುದು ಹೇಗೆ?

"ಹುಡುಕಿದೆ ರೀ. ಸಿಗಲಿಲ್ಲ," ಎಂದೆ.

"ಹಂಗಾರ ಎರಡs ದಾರಿ," ಎಂದು ಆಬಾಸಾಹೇಬರು ಎರಡು ಬೆರಳು ಎತ್ತಿದರು. "ಹುಡುಗಿ ತಾಯಿ ನಿಷ್ಕಾಳಜಿ ಅಂತ ಬರೀರಿ. ಇಲ್ಲಾ, ಮ್ಯಾಡಂ ಕೊಟ್ಟ ಸೂಚನಾ ಅಸ್ಪಷ್ಟ ಅಂತ ಬರೀರಿ. ಯಾವುದರ ಒಂದು. ಪೆನ್ನು ನಿಮ್ಮ ಕೈಯಾಗೈತಿ."

ಮೂರನೆಯ ದಾರಿ ಅಂಗಿಯ ಕಿಸೆಯಲ್ಲಿ ಮಡಚಿಕೊಂಡು ಕೂತಿತ್ತು. ನಾನು ಹೆಂಡತಿಯ ಮಾನ ಕಾಪಾಡುವ ಗಂಡನಂತೆ ಮುಖ ಮಾಡಿಕೊಂಡು ಬರೆದೆ: ಸೂಚನೆ ಅಸ್ಪಷ್ಟವಾಗಿತ್ತು.

ವರದಿಯನ್ನು ಮೇಡಂ ಮುಂದಿಟ್ಟರು. ಅವರು ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ, ಓದಿದರು. ಆ ಕೋಣೆಯಲ್ಲಿ ಅಂದು ಏನನ್ನಾದರೂ ಪೂರ್ತಿ ಓದಿದವರು ಅವರೊಬ್ಬರೇ.

"ಬರವಣಿಗೆ ಬಹಳ ಸ್ಪಷ್ಟವಾಗಿದೆ," ಎಂದು ನನಗೆ ಹೇಳಿ ಸಹಿ ಮಾಡಿದರು.

ಹೊರಗೆ ಚಹಾದ ಗಾಡಿಯ ಹತ್ತಿರ ಪೈಲವಾನರು ನನ್ನ ಹೆಗಲ ಮೇಲೆ ಕೈ ಹಾಕಿದರು. "ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗಂಡಸು ಅಂದ ಮ್ಯಾಲ ಅಡಿಗಿ ಬರಬೇಕ್ರಿ. ತಾಲೀಮಿನಾಗ ಎಂಟು ವರ್ಷ ಇಪ್ಪತ್ತು ಮಂದಿಗೆ ನಾನs ಭಕ್ರಿ ಬಡಿದೇನಿ. ಚಟ್ನಿ ಹುರಿಯಾಂವಾ ನಾನs. ನಮ್ಮ ವಸ್ತಾದರು ಅಂತಿದ್ರು, ತನ್ನ ಅನ್ನಾ ತಾ ಬೇಯಿಸಿಕೊಳ್ಳದಾಂವಾ ಅಖಾಡಾದಾಗ ಇಳಿಯಾಕ ಲಾಯಕ್ಕಿಲ್ಲ ಅಂತ. ಈಗೂ ಐತವಾರ ಮಟನ್ ನಂದs. ನೀವು ನೋಡಿದ್ರ ಉಪ್ಪಿನ ಡಬ್ಬಿ..." ಎಂದು ತಲೆಯಾಡಿಸಿ, ಕನಿಕರದಿಂದ ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು.

ನಾನು ಚಹಾದ ಲೋಟ ಹಿಡಿದೇ ತಿರುಗಿ ನೋಡಿದೆ. ಕಿಟಕಿಯಲ್ಲಿ ಸುತಾರ ಸರ್ ಮೇಣದಬತ್ತಿ ಹಚ್ಚಿ ನನ್ನ ವರದಿಗೆ ಅರಗು ಸುರಿಯುತ್ತಿದ್ದರು.

ಏಪ್ರಿಲ್ ಕೊನೆಗೆ ಮೇಡಂ ಹೊರಟರು. ಬೀಗದ ಕೈ ಪಡೆದುಕೊಂಡು ರಸೀದಿ ಬರೆಯಲು ಸಂಘದ ಕಾರ್ಯದರ್ಶಿಯೇ ಬೇಕಲ್ಲ. ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೋರಿಸಿ ಒಪ್ಪಿಸಿದರು. ಬೀಗ ಹಾಕಿ, ಕೀಲಿಕೈಯನ್ನು ನನ್ನ ಅಂಗೈಗಿಟ್ಟರು.

"ಚೌಗುಲೆಯವರೇ, ಆ ದಿನ ಡಬ್ಬಿಯ ತಳದಲ್ಲಿ ಉಳಿದದ್ದನ್ನು ನಾನು ನಾಲಿಗೆಗೆ ಹಚ್ಚಿ ನೋಡಿದೆ. ಚಟ್ನಿ ಬಹಳ ಚೆನ್ನಾಗಿತ್ತು. ಯಾರು ಮಾಡಿದ್ದು?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಪೈಲವಾನರಿರಲಿಲ್ಲ, ಆಬಾಸಾಹೇಬರಿರಲಿಲ್ಲ, ಓಣಿ ಎರಡು ಮೈಲಿ ದೂರದಲ್ಲಿತ್ತು.

"ನಮ್ಮ ಮನ್ಯಾಕಿ," ಎಂದೆ.

"ಹೌದೇ? ಅವರಿಗೆ ಹೇಳಿ, ಕೊಬ್ಬರಿ ಒಂಚೂರು ಹೆಚ್ಚು ಹುರಿದಿದೆ."

ನನ್ನ ನೆತ್ತಿಗೆ ಬೆಂಕಿ ಬಿತ್ತು. ಹೆಚ್ಚು ಹುರಿದಿರಲಿಲ್ಲ! ಕೊಬ್ಬರಿಯನ್ನು ಬಂಗಾರದ ಬಣ್ಣಕ್ಕೆ ಇಳಿಸುವುದರಲ್ಲಿ ಇಡೀ ಪೇಟೆಯಲ್ಲಿ ನನ್ನ ಸಮ ಇಲ್ಲ. ಜಗಳಕ್ಕೆ ನಿಲ್ಲುವಷ್ಟು ಸಿಟ್ಟು ಬಂತು. ಅವರು ಒಂದು ಕ್ಷಣ ಕಾದರು. ನಿಜಕ್ಕೂ ಕಾದರು. ನಾನು, "ಹೇಳ್ತೀನ್ರಿ," ಎಂದೆ. ಅವರು ಚೀಲ ಎತ್ತಿಕೊಂಡು ಹೋದರು.

ಜೂನಿನಲ್ಲಿ ಶಾಲೆ ತೆರೆದಾಗ ಗ್ರಂಥಾಲಯದ ಬಾಗಿಲಿಗೆ 'ಮಾತೋಶ್ರೀ ಸ್ಮೃತಿ ಕಕ್ಷ' ಎಂಬ ಹಿತ್ತಾಳೆಯ ಫಲಕ ಬಂದಿತ್ತು. ಒಳಗೆ ಆಬಾಸಾಹೇಬರ ಸೋಫಾ. ಮಾತೋಶ್ರೀಯ ನಲವತ್ತಮೂರು ಪುಸ್ತಕ ಗೋಣಿಚೀಲದಲ್ಲಿ ಮೆಟ್ಟಿಲ ಕೆಳಗೆ. ಗೋಡೆಗೆ ಚೌಕಟ್ಟು ಹಾಕಿದ ಫೋಟೋ: ಶಾಲು ಹೊದ್ದು ಕಣ್ಣೀರು ಸುರಿಸುತ್ತಿರುವ ಮಯೇಕರ ಸಾಹೇಬರು, ಕೆಳಗೆ 'ವಾಚನಪ್ರೇಮ'.

ಚೀಟಿಯ ಚಿಂತೆ ನನಗಿರಲಿಲ್ಲ. ವಿಚಾರಣೆಯ ಅಂಗಿಯನ್ನು ಹಾಗೇ ಒಗೆಯಲು ಹಾಕಿದ್ದೆ. ನೀರಲ್ಲಿ ಕರಗಿ ಹೋಯಿತು ಎಂದುಕೊಂಡು ಹಗುರಾಗಿದ್ದೆ. ಶರ್ವರಿಯೂ ಒಂದು ಮಾತೂ ಕೇಳಲಿಲ್ಲ. ನಾನು ಅದನ್ನು ಮರೆವು ಎಂದು ತಿಳಿದೆ. ಅಡುಗೆಯಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟಳು. ಬಡಿಸಿದ್ದನ್ನು ಉಂಡು, ತಾಟು ತೊಳೆದಿಟ್ಟು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಪಲ್ಯಕ್ಕೆಂದು ಹೊಸ ಚಟ್ನಿಯ ಡಬ್ಬ ಇಳಿಸಿದರೆ, ಅದರ ಮೇಲೆ ಗ್ರಂಥಾಲಯದ ಕಾರ್ಡಿನಂತೆ ಗೆರೆ ಎಳೆದ ಚೀಟಿ ಅಂಟಿಸಿತ್ತು:

ಹೆಸರು: ಚಟ್ನಿ.
ವಿಧ: ಪುಡಿ.
ಮಾಡಿದವರು: ಆಯಿ.
ನೋಡಿ: ಪು. ೧೨.

ಆಯಿ! ಡೈರಿಯಿಂದ ಬಂದು ಒಂದು ಮೆಣಸಿನಕಾಯಿಯ ತೊಟ್ಟನ್ನೂ ಮುರಿಯದ ಅವಳ ತಾಯಿ! ನಾನು ಸಿಟ್ಟಿನಿಂದ ಪುಟ ಹುಡುಕಿದೆ. ಗ್ರಂಥಾಲಯದ ತಾಸಿಗೆಂದು ಶರ್ವರಿ ಇಟ್ಟಿದ್ದ ನೋಟುಪುಸ್ತಕ, ಅವಳ ವಹಿ, ಫ್ರಿಜ್ಜಿನ ಮೇಲೇ ಇತ್ತು. ಹನ್ನೆರಡನೆಯ ಪುಟದಲ್ಲಿ ಆ ಚೀಟಿ. ಅಂಗಿ ಒಗೆಯುವ ಮುಂಚೆ ಅವಳು ಕಿಸೆ ನೋಡಿದ್ದಾಳೆ. ಒಂದೇ ಅಂಚಿಗೆ ಗೋಂದು ಹಚ್ಚಿದ್ದಳು, ಓದುವವರು ತಿರುವಿ ಹಿಂಬದಿಯನ್ನೂ ನೋಡಲಿ ಎಂದು. ಕೆಳಗೆ ಅವಳದೇ ಅಕ್ಷರದಲ್ಲಿ ಒಂದು ಸಾಲು:

ಸೂಚನೆ ಸ್ಪಷ್ಟವಾಗಿದೆ.

ಗ್ಯಾಸ್ ಆರಿಸಿ, ಸೌಟು ಕೈಯಲ್ಲೇ ಹಿಡಿದು, ಎದುರುಮನೆಗೆ ನಡೆದೆ. ಪೈಲವಾನರು ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ಅಕ್ಕಾತಾಯಿ ರಂಗೋಲಿ ಹಾಕುತ್ತಿದ್ದರು.

"ಅಣ್ಣಾ, ಆ ಚಟ್ನಿ ಹಾಕಿದಾಂವಾ ನಾನು. ಹನ್ನೆರಡೂ ಚಮಚ ನಂದs. ಚೀಟಿ ನನ್ನ ಕಿಸೇದಾಗಿತ್ತು. ಮ್ಯಾಡಂದು ಏನೂ ತಪ್ಪಿಲ್ಲ. ನಮ್ಮ ಮನಿ ಅಡಿಗಿ ಮಾಡಾಂವಾ ನಾನು, ಹನ್ನೊಂದು ವರ್ಷಾತು."

ಪೈಲವಾನರು ಪತ್ರಿಕೆ ಮಡಚಿದರು. ನನ್ನ ಮುಖ ನೋಡಿದರು, ಸೌಟು ನೋಡಿದರು. ಕಣ್ಣಂಚು ಒದ್ದೆಯಾಯಿತು.

"ನೋಡಿದೇನ, ಅಕ್ಕಾತಾಯಿ? ಹೆಂಡ್ತಿ ಮ್ಯಾಲಿನ ಅಪವಾದ ತಾ ಹೊರಾಕ ಬಂದಾನ. ಗಂಡಾ ಅಂದ್ರ ಹಿಂಗಿರಬೇಕು!"

"ಅಣ್ಣಾ, ಖರೇನs ನಾನು..."

"ಸಾಕ್ರಿ, ಸಾಕ್ರಿ. ಸೌಟು ತಲಿಕೆಳಗ ಹಿಡ್ದೀರಿ." ನಿಜವಾಗಿಯೂ ಆ ಗಡಿಬಿಡಿಯಲ್ಲಿ ತಲೆಕೆಳಗೇ ಹಿಡಿದಿದ್ದೆ. "ಉಪ್ಪಿನ ಡಬ್ಬಿ ಗೊತ್ತಿಲ್ಲದಾಂವಾ ಚಟ್ನಿ ಹುರಿತಾನಂತ! ಎಷ್ಟ ಪ್ರೀತಿ ನೋಡು."

ಅಕ್ಕಾತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ವಹಿನಿ ಪುಣ್ಯಾ ಮಾಡ್ಯಾಳ. ಕೈ ಕೆಟ್ಟಿದ್ರೂ ಗಂಡಾ ಚಲೋ ಸಿಕ್ಕಾನ."

ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ನನ್ನ ಬೆಲೆ ಎರಡು ಪಟ್ಟಾಗಿತ್ತು, ಉಜ್ವಲಾಳದು ಅಷ್ಟೇ ಇಳಿದಿತ್ತು. ಪಾಳಿ ಮುಗಿಸಿ ಬಂದವಳನ್ನು ನಾಲ್ಕು ಮಂದಿ ನಿಲ್ಲಿಸಿ, ಇಂಥ ಗಂಡನಿಗೆ ಇನ್ನಾದರೂ ನೆಟ್ಟಗೆ ಬೇಯಿಸಿ ಹಾಕು ಎಂದು ಬುದ್ಧಿ ಹೇಳಿದರಂತೆ. ರಾತ್ರಿ ನಾನು ಪಾಳಿ ಮುಗಿಸಿ ಬಂದಾಗ ಅವಳು ತಾಟು ಹಾಕಿಕೊಂಡಳು. ನಾನು ಮಾಡಿಟ್ಟ ಅನ್ನ ಬಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಉಂಡಳು.

ಮರುದಿನ ಬೆಳಿಗ್ಗೆ ಶರ್ವರಿ ಚೀಲ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಹೇಳಿದ್ರೇನ?"

"ಹೇಳಿದೆ."

"ನಂಬಿದ್ರೇನ?"

"ಇಲ್ಲ."

ಅವಳು ವಹಿ ತೆಗೆದು ಹನ್ನೆರಡನೆಯ ಪುಟ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಪೆನ್ನು ಕೊಟ್ಟಳು. "ಇಲ್ಲೆ ಸಹಿ ಮಾಡ್ರಿ."

ಕೈ ಒರೆಸಿಕೊಂಡು, 'ಸೂಚನೆ ಸ್ಪಷ್ಟವಾಗಿದೆ' ಎಂಬ ಸಾಲಿನ ಕೆಳಗೆ ಪೂರ್ತಿ ಹೆಸರು ಬರೆದೆ. ಆ ವಹಿಯನ್ನು ನೋಡುವ ಸಮಿತಿ ಯಾವುದೂ ಉಳಿದಿಲ್ಲ. ಓದಬೇಕಾಗಿದ್ದವರು ಪುಣೆಗೆ ಹೋಗಿಯಾಗಿದೆ. ಶರ್ವರಿ ಒಮ್ಮೆ ನೋಡಿ, ಶಾಯಿ ಆರಲಿ ಎಂದು ಊದಿ, ವಹಿ ಮುಚ್ಚಿಕೊಂಡು ಶಾಲೆಗೆ ಹೋದಳು.

ಅಕ್ಷರ ಮಾತ್ರ ಮುತ್ತಿನಂತೆ ಬಂದಿತ್ತು.